ಎರಡು ಕೌಂಟರ್ ನಡೆದವು, ಮೂರನೆಯದು ನಿಂತಿತು: ಕೋಲಾರದ ಮಂಡಿಯಲ್ಲೊಂದು ಟರ್ಮಿನ್ಫೋ ಪ್ರಕರಣ

2023ರ ಜುಲೈ. ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟಮೋಟಕ್ಕೆ ಚಿನ್ನದ ಬೆಲೆ ಬಂದಿದ್ದ ತಿಂಗಳು. 15 ಕೆಜಿಯ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಅಂಥ ಹೊತ್ತಲ್ಲಿ ಮಂಡಿಯವರು ಪಟ್ಟಿ ತಪ್ಪು ಬರೆದರೂ ಜಗಳ, ತಡವಾಗಿ ಬರೆದರೂ ಜಗಳ. ಒಂದು ದಿನ ಬೆಳಗ್ಗೆ ಆರೂವರೆಗೆ ನನ್ನ ಫೋನ್ ಹೊಡೆದುಕೊಂಡಿತು.

"ಸಾರ್, ಮೂರನೇ ಕೌಂಟರ್ ಓಪನ್ನೇ ಆಗ್ತಿಲ್ಲ. ಪಾಸ್‌ವರ್ಡ್ ಹಾಕಿದ್ರೆ ಏನೋ ಎರರ್ ಬಂದು ವಾಪಸ್ ಹೋಗ್ತಿದೆ."

"ಮಿಕ್ಕ ಎರಡು?"

"ಅವೆರಡೂ ಜೋರಾಗಿ ನಡೀತಿವೆ ಸಾರ್. ಇದೊಂದೇ."

ಆ ಮಂಡಿಯ ಸರ್ವರ್ ಬದಲಾಯಿಸಿದವನು ನಾನೇ. ಅದೂ ಹಿಂದಿನ ದಿನ ಸಂಜೆ. ಹಳೆ ಯಂತ್ರದ ಹಾರ್ಡ್ ಡಿಸ್ಕ್ ಒಂದು ವಾರದಿಂದ ಟಕ್ ಟಕ್ ಅನ್ನುತ್ತಿತ್ತು. ಸೀಸನ್ ಮಧ್ಯೆ ಅದು ಕೈ ಕೊಟ್ಟರೆ ಗತಿಯೇನು ಅಂತ ಯಜಮಾನರಿಗೆ ನಾನೇ ಹೆದರಿಸಿ, ಹೊಸ ಯಂತ್ರ ತರಿಸಿ, ಎಲ್ಲವನ್ನೂ ಅದಕ್ಕೆ ಸಾಗಿಸಿದ್ದೆ. ಈಗ ಕೆಲಸ ಕೆಟ್ಟರೆ ಕೆಡಿಸಿದವನು ಯಾರು ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಮುಖ ತೊಳೆದು ಬೈಕ್ ಹತ್ತಿದೆ.

ಮಂಡಿಯಲ್ಲಿ ನಡೆಯುವುದು ಇಷ್ಟು. ಹರಾಜಾದ ಲಾಟ್ ಒಂದೊಂದಕ್ಕೂ ರೈತರ ಹೆಸರು, ಎಷ್ಟು ಬಾಕ್ಸ್, ಯಾವ ರೇಟು ಅಂತ ಗುಮಾಸ್ತರು ಕಂಪ್ಯೂಟರಿಗೆ ಹಾಕುತ್ತಾರೆ. ಹಮಾಲಿ, ಬಾಡಿಗೆ ಕಳೆದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಪಟ್ಟಿ ಬರುತ್ತದೆ. ಪ್ರೋಗ್ರಾಂ ಹಳೇ ಕಾಲದ್ದು. ಮೌಸ್ ಇಲ್ಲ, ಕಿಟಕಿಗಳಿಲ್ಲ. ನೀಲಿ ಪರದೆ, ಅದರ ಮೇಲೆ ಬಿಳಿ ಅಕ್ಷರ, ತಪ್ಪಿದ್ದರೆ ಕೆಂಪು. ಯಜಮಾನರ ಅಕ್ಕನ ಮಗ 2015ರಲ್ಲಿ ಸಿ ಭಾಷೆಯಲ್ಲಿ ಬರೆದು ಕೊಟ್ಟು, ಆಮೇಲೆ ಹೊರದೇಶಕ್ಕೆ ಹೋದ. ನೋಡಿದವರು ನಗುತ್ತಾರೆ. ಆದರೆ ಎಫ್2 ಒತ್ತಿ ನಂಬರ್ ಬಡಿಯುತ್ತಾ ಹೋಗುವ ಗುಮಾಸ್ತರ ವೇಗಕ್ಕೆ ಯಾವ ಹೊಸ ಆ್ಯಪ್ಪೂ ಸಮ ಬರುವುದಿಲ್ಲ. ಅದನ್ನು ಬದಲಾಯಿಸಿ ಅಂತ ನಾನು ಯಾವತ್ತೂ ಹೇಳಿಲ್ಲ.

ಇಂಥ ಪರದೆ ಪ್ರೋಗ್ರಾಂಗಳ ಕೆಳಗೆ ಸಾಮಾನ್ಯವಾಗಿ ಇರುವುದು ಎನ್‌ಕರ್ಸಸ್ ಎಂಬ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್. ಕರ್ಸರ್ ಅಲ್ಲಿಗೆ ಒಯ್ಯಿ, ಇಲ್ಲಿ ಕೆಂಪು ಹಾಕು, ಪರದೆ ಒರೆಸು ಅಂತ ಪ್ರೋಗ್ರಾಂ ಹೇಳುತ್ತದೆ. ಅದನ್ನು ಎದುರಿಗಿರುವ ಟರ್ಮಿನಲ್ಲಿಗೆ, ಅಂದರೆ ಅಕ್ಷರಗಳನ್ನು ತೋರಿಸುವ ಪರದೆಗೆ, ಅರ್ಥವಾಗುವ ಸಂಕೇತಕ್ಕೆ ತಿರುಗಿಸುವುದು ಈ ಲೈಬ್ರರಿ. ಯಾವ ಟರ್ಮಿನಲ್ಲಿಗೆ ಯಾವ ಸಂಕೇತ ಅನ್ನುವುದು ಲೈಬ್ರರಿಯ ಒಳಗಿಲ್ಲ. ಅದು ಡಿಸ್ಕಿನ ಮೇಲೆ, ಟರ್ಮಿನ್ಫೋ ಅನ್ನುವ ಡೈರೆಕ್ಟರಿಯಲ್ಲಿ, ಟರ್ಮಿನಲ್ಲಿಗೊಂದು ಸಣ್ಣ ಫೈಲಾಗಿ ಇರುತ್ತದೆ. ಹೊರಗಿರುವ ಈ ಸಣ್ಣ ಫೈಲೇ ಈ ಕಥೆಯ ಖಳನಾಯಕ. ಖಳನಾಯಕ ಅಂದದ್ದು ಸ್ವಲ್ಪ ಅನ್ಯಾಯವೇ, ಅದು ಆಮೇಲೆ ಗೊತ್ತಾಗುತ್ತದೆ.

ಬರೆದ ಹುಡುಗ ಬುದ್ಧಿವಂತ. ಮುಂದೆ ಯಾರಾದರೂ ಯಂತ್ರ ಬದಲಾಯಿಸಿದರೆ ಲೈಬ್ರರಿ ಸಿಗದೆ ಒದ್ದಾಡಬಾರದು ಅಂತ ಎನ್‌ಕರ್ಸಸ್ ಅನ್ನು ಪ್ರೋಗ್ರಾಂ ಒಳಗೇ ಹೊಲಿದುಬಿಟ್ಟಿದ್ದ. ಸ್ಟ್ಯಾಟಿಕ್ ಲಿಂಕ್ ಅನ್ನುತ್ತಾರಲ್ಲ, ಅದು. ಹಳೆ ಯಂತ್ರದಲ್ಲಿ ಇದ್ದದ್ದು ಸೆಂಟ್‌ಓಎಸ್ 7 ಎಂಬ ಲಿನಕ್ಸ್, ಅದರ ಎನ್‌ಕರ್ಸಸ್ 5.9. ಹಾಗಾಗಿ ಪ್ರೋಗ್ರಾಂ ಹೊಟ್ಟೆಯಲ್ಲಿ 5.9 ಶಾಶ್ವತವಾಗಿ ಕೂತಿತ್ತು. ಹೊಸ ಯಂತ್ರಕ್ಕೆ ನಾನು ಹಾಕಿದ ಲಿನಕ್ಸ್‌ನಲ್ಲಿದ್ದದ್ದು 6.3. ಪ್ರೋಗ್ರಾಂ ಇದ್ದ ಡೈರೆಕ್ಟರಿಯನ್ನು ಹಾಗೇ ಎತ್ತಿ ತಂದಿಟ್ಟೆ, ಓಡಿಸಿದೆ, ಓಡಿತು. ಶಹಬ್ಬಾಸ್ ಅಂದುಕೊಂಡು ಮನೆಗೆ ಹೋದೆ.

ಮಂಡಿಗೆ ಕಾಲಿಟ್ಟಾಗ ಮೂರನೇ ಕೌಂಟರ್ ಮುಂದೆ ಸಾಲು ಬೆಳೆದಿತ್ತು. ಶ್ರೀನಿವಾಸಪುರದ ಕಡೆಯ ರೈತರೊಬ್ಬರು ತೆಲುಗಿನಲ್ಲಿ ಏನೋ ಗೊಣಗುತ್ತಿದ್ದರು. ನನಗೆ ಅರ್ಥವಾಗಬಾರದು ಅಂತ ಅವರಿಗೇನೂ ಇದ್ದಂತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಒಂದೇ ಸಾಲು ಮಿಂಚಿ ಮಾಯವಾಗುತ್ತಿತ್ತು. ಲಾಗಿನ್ ಆದ ತಕ್ಷಣ ಪ್ರೋಗ್ರಾಂ ತಾನೇ ಶುರುವಾಗುವ ಹಾಗೆ ಮಾಡಿದ್ದೆವು. ಅದು ಸತ್ತರೆ ಸೆಷನ್ನೂ ಮುಚ್ಚುತ್ತದೆ. ಗುಮಾಸ್ತ ಹುಡುಗ ಫೋನಿನಲ್ಲಿ ವಿಡಿಯೋ ತೆಗೆದಿಟ್ಟಿದ್ದ. ನಿಲ್ಲಿಸಿ ನೋಡಿದೆ. 'ಎರರ್ ಓಪನಿಂಗ್ ಟರ್ಮಿನಲ್: ಎಕ್ಸ್‌ಟರ್ಮ್-256ಕಲರ್.' ಅಷ್ಟೇ.

ಪರಿಸ್ಥಿತಿ ಹೀಗಿತ್ತು. ಒಂದು, ಎರಡನೇ ಕೌಂಟರಿನಲ್ಲಿ ಹಳೆ ಡೆಸ್ಕ್‌ಟಾಪ್. ಅವು ಪುಟ್ಟಿ ಅನ್ನುವ ಸಾಫ್ಟ್‌ವೇರ್ ಮೂಲಕ ಸರ್ವರಿಗೆ ಬರುತ್ತವೆ. (ಅದರ ಸರಿಯಾದ ಉಚ್ಚಾರ 'ಪಟ್ಟಿ' ಅಂತೆ. ಪಟ್ಟಿ ಬರೆಯುವ ಜಾಗದಲ್ಲಿ ಹಾಗೆ ಕರೆದರೆ ಗೊಂದಲವಾಗುತ್ತೆ ಅಂತ ನಾವೆಲ್ಲ ಪುಟ್ಟಿ ಅಂತಲೇ ಕರೆಯುವುದು.) ಮೂರನೆಯದು ವಿಂಡೋಸ್ 11ರ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸಿನದೇ ಟರ್ಮಿನಲ್, ಅದರಿಂದ ಎಸ್‌ಎಸ್‌ಎಚ್ ಅನ್ನುವ ಸಂಪರ್ಕದಲ್ಲಿ ನೇರವಾಗಿ ಸರ್ವರಿಗೆ. ಈ ಲ್ಯಾಪ್‌ಟಾಪ್ ಹಿಂದಿನ ದಿನದವರೆಗೂ ಹಳೆ ಸರ್ವರಿನ ಜೊತೆ ಚೆನ್ನಾಗಿಯೇ ಇತ್ತು.

ಅಂದರೆ ಲ್ಯಾಪ್‌ಟಾಪ್ ಸರಿ ಇದೆ, ಹಳೆ ಸರ್ವರ್ ಸಾಕ್ಷಿ. ಪ್ರೋಗ್ರಾಂ ಸರಿ ಇದೆ, ಮಿಕ್ಕ ಎರಡು ಕೌಂಟರ್ ಸಾಕ್ಷಿ. ಸರ್ವರ್ ಸರಿ ಇದೆ, ಅದಕ್ಕೂ ಅವೇ ಸಾಕ್ಷಿ. ಎಲ್ಲ ಸರಿ ಇದ್ದು ಕೆಲಸ ಮಾತ್ರ ಆಗುತ್ತಿಲ್ಲ. ಈ ಮೂರೂ ಸೇರಿದಾಗ ಮಾತ್ರ ಜಗಳ.

ಯಜಮಾನರು ಬಂದು ಹೆಗಲ ಮೇಲೆ ಕೈ ಇಟ್ಟರು. "ಏನಪ್ಪಾ, ಆಗುತ್ತಾ? ಇಲ್ಲಾ ಬುಕ್ಕಲ್ಲಿ ಬರೆಸಲಾ?"

"ಹತ್ತು ನಿಮಿಷ ಕೊಡಿ ಅಣ್ಣ" ಅಂದೆ. ಹತ್ತು ನಿಮಿಷದಲ್ಲಿ ಆಗುತ್ತೆ ಅಂತ ನನಗೇ ನಂಬಿಕೆ ಇರಲಿಲ್ಲ.

ಮೊದಲು ಮಾಡಿದ್ದೆಲ್ಲ ದಂಡ. ಅದನ್ನೂ ಬರೆಯುತ್ತೇನೆ, ಯಾಕೆಂದರೆ ಇದೇ ಎರರ್ ಕಂಡವರು ಬಹುಶಃ ಇದೇ ದಾರಿ ಹಿಡಿಯುತ್ತಾರೆ. ಎರರ್ ಓದಿದ ತಕ್ಷಣ ಅನ್ನಿಸುವುದು, ಆ ಟರ್ಮಿನಲ್ಲಿನ ಫೈಲ್ ಹೊಸ ಯಂತ್ರದಲ್ಲಿ ಇಲ್ಲ ಅಂತ. ನೋಡಿದೆ. ಟರ್ಮಿನ್ಫೋ ಡೈರೆಕ್ಟರಿಯೊಳಗೆ, 'ಎಕ್ಸ್' ಅಕ್ಷರದ ಕೆಳಗೆ, ಫೈಲ್ ಸುಮ್ನೆ ಕೂತಿದೆ. ಓದುವ ಅನುಮತಿಯೂ ಎಲ್ಲರಿಗೂ ಇದೆ. ಹಾಳಾಗಿರಬಹುದು ಅಂತ ಆ ಫೈಲ್ ಬರುವ ಪ್ಯಾಕೇಜನ್ನೇ ಮತ್ತೆ ಇನ್‌ಸ್ಟಾಲ್ ಮಾಡಿದೆ. ಅದೇ ಫೈಲ್, ಅದೇ ಎರರ್. ಅದೇ ಲ್ಯಾಪ್‌ಟಾಪಿನಿಂದ ನನ್ನ ಹೆಸರಲ್ಲಿ ಲಾಗಿನ್ ಆಗಿ, ಲಿನಕ್ಸಿನ ಜೊತೆ ಬರುವ ವಿಐ, ಟಾಪ್ ಎಂಬ ಪರದೆ ಪ್ರೋಗ್ರಾಂಗಳನ್ನು ತೆರೆದೆ. ಬಣ್ಣ ಬಣ್ಣವಾಗಿ ತೆರೆದವು. ಹಾಗಾದರೆ ಫೈಲ್ ಹಾಳಾಗಿಲ್ಲ. ಹೊಸ ಪ್ರೋಗ್ರಾಂಗಳು ಅದನ್ನು ಓದುತ್ತಿವೆ. ನಮ್ಮ ಪ್ರೋಗ್ರಾಂ ಮಾತ್ರ ಓದುತ್ತಿಲ್ಲ.

ಈ ಹಂತದಲ್ಲಿ ಆ ಲ್ಯಾಪ್‌ಟಾಪಿಗೂ ಪುಟ್ಟಿ ಹಾಕಿ ಎದ್ದು ಹೋಗಬಹುದಿತ್ತು. ಕೆಲಸ ಆಗುತ್ತಿತ್ತು. ಯಾಕೆ ಆಯಿತು ಅಂತ ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮ ಕಸುಬಿನಲ್ಲಿ ಅರ್ಧ ರಿಪೇರಿಗಳು ಇಂಥವೇ, ಅಲ್ವಾ.

ಬದಲಿಗೆ ಮೂರೂ ಕಡೆ ಟರ್ಮ್ ಅನ್ನುವ ವೇರಿಯಬಲ್‌ನಲ್ಲಿ ಏನಿದೆ ಅಂತ ನೋಡಿದೆ. ಎದುರಿಗಿರುವ ಟರ್ಮಿನಲ್ ಯಾವ ಜಾತಿಯದು ಅಂತ ಸರ್ವರಿಗೆ ಹೇಳುವುದು ಅದೇ. ಪುಟ್ಟಿ ತಾನಾಗಿ ಕಳಿಸುವುದು ಬರೀ 'ಎಕ್ಸ್‌ಟರ್ಮ್'. ವಿಂಡೋಸ್ ಟರ್ಮಿನಲ್ಲಿನ ಕಡೆಯಿಂದ ಬರುವುದು 'ಎಕ್ಸ್‌ಟರ್ಮ್-256ಕಲರ್'. ಆಗ ತಲೆಗೆ ಹೊಡೆದ ಇನ್ನೊಂದು ವಿಷಯ: ಹಿಂದಿನ ಸಂಜೆ ನಾನು ಟೆಸ್ಟ್ ಮಾಡಿದ್ದು ಸರ್ವರಿನದೇ ಪರದೆ, ಸರ್ವರಿನದೇ ಕೀಬೋರ್ಡ್ ಮೇಲೆ. ಅಲ್ಲಿ ಟರ್ಮ್ ಅಂದರೆ 'ಲಿನಕ್ಸ್'. ಅಂದರೆ ಮೂರು ಬೇರೆ ಬೇರೆ ಫೈಲುಗಳು. ನಾನು ಪರೀಕ್ಷಿಸಿದ್ದು ಯಾವ ಕೌಂಟರಿನಲ್ಲೂ ಬಳಸದ ಒಂದನ್ನು.

ತಕ್ಷಣಕ್ಕೆ ಮೂರನೇ ಕೌಂಟರಿನ ಲಾಗಿನ್ನಿಗೆ ಟರ್ಮ್ ಬದಲಾಯಿಸಿ 'ಎಕ್ಸ್‌ಟರ್ಮ್' ಅಂತ ಹಾಕಿದೆ. ನೀಲಿ ಪರದೆ ಬಂತು. ಸಾಲು ಕರಗತೊಡಗಿತು. ಗುಮಾಸ್ತ ಹುಡುಗ ಎಫ್2 ಮೇಲೆ ಬೆರಳಿಟ್ಟವನು ಹತ್ತು ಗಂಟೆಯವರೆಗೆ ತಲೆ ಎತ್ತಲಿಲ್ಲ. ನಾನು ಹಿಂದಿನ ಕೋಣೆಯಲ್ಲಿ ಒಂದು ಲೋಟ ಟೀ ಜೊತೆ ಕೂತೆ.

ನಮ್ಮ ಪ್ರೋಗ್ರಾಂ ಯಾವ ಫೈಲ್ ತೆರೆಯುತ್ತದೆ ಅಂತ ಎಸ್‌ಟ್ರೇಸ್ ಅನ್ನುವ ಪತ್ತೇದಾರಿ ಸಾಧನ ಹಾಕಿ ನೋಡಿದಾಗ ವಿಚಿತ್ರ ಕಂಡಿತು. ಅದು ಮೊದಲು ಹೋಮ್ ಡೈರೆಕ್ಟರಿಯಲ್ಲಿ ಹುಡುಕಿತು, ಇಲ್ಲ. ಮುಂದಿನ ಜಾಗದಲ್ಲಿ ಹುಡುಕಿತು, ಇಲ್ಲ. ಕೊನೆಗೆ ಸಿಸ್ಟಮ್ಮಿನ ಟರ್ಮಿನ್ಫೋಗೆ ಬಂದು ಫೈಲನ್ನು ತೆರೆಯಿತು. ಓದಿತು. ಮುಚ್ಚಿತು. ಆಮೇಲೆ, ಅಂಥ ಟರ್ಮಿನಲ್ಲೇ ಇಲ್ಲ ಅನ್ನುವ ಎರರ್ ಹಾಕಿ ಹೊರಟುಹೋಯಿತು. ಕೈಗೆ ಸಿಕ್ಕ ಚೀಟಿಯನ್ನು ಓದಿ, ಚೀಟಿಯೇ ಬಂದಿಲ್ಲ ಅಂದ ಹಾಗೆ.

ಹಾಗಾದರೆ ಚೀಟಿಯಲ್ಲೇ ಏನೋ ಇದೆ. ಫೈಲಿನ ಮೊದಲ ಬೈಟ್‌ಗಳನ್ನು ಎಂಟರ ಲೆಕ್ಕದಲ್ಲಿ, ಅಂದರೆ ಆಕ್ಟಲ್‌ನಲ್ಲಿ, ಸುರಿಸಿದೆ:

036 002 045 000 046 000 017 000 235 001

ಹಳೆ ಡಿಸ್ಕ್ ಇನ್ನೂ ಉಸಿರಾಡುತ್ತಿತ್ತು. ಅದರಲ್ಲಿನ ಇದೇ ಹೆಸರಿನ ಫೈಲಿನಿಂದ:

032 001 045 000 046 000 017 000 235 001

ಮೊದಲ ಎರಡು ಬೈಟ್ ಬಿಟ್ಟರೆ ಮಿಕ್ಕ ಎಂಟೂ ಒಂದೇ. ನನಗೆ ಆ ಟೀ ರುಚಿಯಾಗಿದ್ದು ಆಗಲೇ.

ಈ ಫೈಲಿನ ತಲೆ 12 ಬೈಟ್. ಎರಡೆರಡು ಬೈಟಿನ ಆರು ಸಂಖ್ಯೆ, ಚಿಕ್ಕ ಬೈಟ್ ಮೊದಲು. ಮೊದಲನೆಯದು ಗುರುತಿನ ಸಂಖ್ಯೆ, ಇದು ಯಾವ ರೂಪದ ಫೈಲ್ ಅಂತ ಹೇಳುವ ಮೊಹರು. ಎರಡನೆಯದು ಹೆಸರಿನ ಉದ್ದ. 045 ಅಂದರೆ 37. ಟರ್ಮಿನಲ್ಲಿನ ಹೆಸರು, ಅದರ ವಿವರಣೆ, ಕೊನೆಯ ಸೊನ್ನೆ ಬೈಟ್ ಎಲ್ಲ ಸೇರಿ 37 ಅಕ್ಷರ. ಬೇಕಿದ್ದರೆ ಎಣಿಸಿ ನೋಡಬಹುದು, ನಾನು ಎಣಿಸಿದೆ. ಆಮೇಲೆ ಹೌದು-ಇಲ್ಲ ಗುಣಗಳು 38, ಸಂಖ್ಯೆಗಳು 15, ಸಂಕೇತಗಳ ಜಾಗ 413. ಕೊನೆಯದು ಆ ಸಂಕೇತಗಳೆಲ್ಲ ಸೇರಿ ಎಷ್ಟು ಉದ್ದ ಅಂತ.

ಹಳೆಯ ಮೊಹರು ಆಕ್ಟಲ್‌ನಲ್ಲಿ 0432, ನಮ್ಮ ಲೆಕ್ಕದಲ್ಲಿ 282. ಹೊಸದು 01036, ಅಂದರೆ 542. ಎನ್‌ಕರ್ಸಸ್ 5.9ಕ್ಕೆ ಗೊತ್ತಿರುವುದು 282 ಒಂದೇ. ಬೇರೆ ಮೊಹರು ಕಂಡರೆ ಅದು ಮುಂದೆ ಓದುವುದಿಲ್ಲ. 'ರೂಪ ಬೇರೆ ಇದೆ' ಅಂತ ಹೇಳುವ ಬಾಯಿಯೂ ಅದಕ್ಕಿಲ್ಲ. ಫೈಲ್ ಇಲ್ಲದಿದ್ದರೆ ಕೊಡುವ ಉತ್ತರವನ್ನೇ ಇದಕ್ಕೂ ಕೊಡುತ್ತದೆ. ಒಂದು ಗಂಟೆ ನನ್ನನ್ನು ಅಲೆಸಿದ್ದು ಮೊಹರಲ್ಲ, ಈ ಉತ್ತರ. ಕೆಲವು ಪ್ರೋಗ್ರಾಂಗಳಲ್ಲಿ ಇದೇ ದೋಷ 'ಅನ್‌ನೋನ್ ಟರ್ಮಿನಲ್ ಟೈಪ್' ಅಂತ ಕಾಣಿಸುತ್ತದೆ. ಅದೂ ಅಷ್ಟೇ ದಾರಿ ತಪ್ಪಿಸುವ ಮಾತು.

ಮೊಹರು ಬದಲಾಯಿಸಿದ್ದು ಯಾಕೆ? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಟರ್ಮ್‌ಕ್ಯಾಪ್ ಮಾಡಿದರು. ಎಲ್ಲ ಟರ್ಮಿನಲ್ಲುಗಳ ವಿವರ ಒಂದೇ ದೊಡ್ಡ ಪಠ್ಯ ಫೈಲಿನಲ್ಲಿ. ಬೇಕಾದದ್ದನ್ನು ಹುಡುಕಿ ಓದುವುದೇ ನಿಧಾನ. ಆಮೇಲೆ ಮಾರ್ಕ್ ಹಾರ್ಟನ್ ಟರ್ಮಿನ್ಫೋ ತಂದರು. ಪಠ್ಯವನ್ನು ಮೊದಲೇ ಅರೆದು, ಟರ್ಮಿನಲ್ಲಿಗೊಂದು ಪುಟ್ಟ ಫೈಲ್ ಮಾಡಿಡುವ ಉಪಾಯ. ಅರೆಯುವ ಪ್ರೋಗ್ರಾಂ ಹೆಸರು ಟಿಕ್. ಅರೆದದ್ದನ್ನು ಮತ್ತೆ ಪಠ್ಯ ಮಾಡಿ ತೋರಿಸುವುದು ಇನ್ಫೋಕಂಪ್. ಅರೆದ ಫೈಲಿನಲ್ಲಿ ಒಂದೊಂದು ಸಂಖ್ಯೆಗೂ ಎರಡು ಬೈಟ್, 16 ಬಿಟ್. ಅಲ್ಲಿ ಇಡಬೇಕಾದದ್ದು 80 ಕಾಲಂ, 24 ಸಾಲು, 8 ಬಣ್ಣ ಇಂಥವು. ಎರಡು ಬೈಟ್ ಧಾರಾಳ.

ಎರಡು ಬೈಟಿನಲ್ಲಿ 65,535ರವರೆಗೆ ಹಿಡಿಸಬಹುದು ಅಂತ ನೀವು ಹೇಳಬಹುದು. ಇಲ್ಲಿ ಹಿಡಿಸುವುದಿಲ್ಲ. ಈ ಗುಣ ಈ ಟರ್ಮಿನಲ್ಲಿಗೆ ಇಲ್ಲ ಅನ್ನುವುದಕ್ಕೆ -1 ಬರೆಯುತ್ತಾರೆ, ಇದ್ದದ್ದನ್ನು ರದ್ದು ಮಾಡಿದ್ದಕ್ಕೆ -2. ಹಾಗಾಗಿ ಅರ್ಧ ಜಾಗ ಋಣ ಸಂಖ್ಯೆಗಳ ಪಾಲು. ಉಳಿಯುವ ಗರಿಷ್ಠ 32,767.

ಇದು ತುಂಬ ವರ್ಷ ಸಾಕಾಯಿತು. ಆಮೇಲೆ 256 ಬಣ್ಣದ ಟರ್ಮಿನಲ್ಲುಗಳು ಬಂದವು. ಅಕ್ಷರಕ್ಕೆ 256, ಹಿನ್ನೆಲೆಗೆ 256. ಒಟ್ಟು ಜೋಡಿ 256 ಗುಣಿಸು 256, ಅಂದರೆ 65,536. ಹಿಡಿಸುವುದಿಲ್ಲ. ಹಾಗಾಗಿ ಹಳೆಯ ವಿವರಣೆಗಳಲ್ಲಿ ಜೋಡಿಗಳ ಸಂಖ್ಯೆ 32,767 ಅಂತ ಅರ್ಧಕ್ಕೇ ನಿಲ್ಲಿಸಿದ್ದರು. ಮುಂದೆ ನೇರವಾಗಿ ಕೆಂಪು-ಹಸಿರು-ನೀಲಿ ಹೇಳಿಸಿಕೊಳ್ಳುವ ಟರ್ಮಿನಲ್ಲುಗಳು. ಅವುಗಳ ಬಣ್ಣ 1,67,77,216. ಅದಕ್ಕೆ ಎರಡು ಬೈಟ್ ಎಲ್ಲಿ ಸಾಲಬೇಕು. 2018ರ ಜನವರಿಯಲ್ಲಿ ಬಂದ ಎನ್‌ಕರ್ಸಸ್ 6.1ರಲ್ಲಿ ಸಂಖ್ಯೆಗಳಿಗೆ ನಾಲ್ಕು ಬೈಟ್ ಕೊಟ್ಟರು. ರೂಪ ಬದಲಾಯಿತು, ಮೊಹರೂ ಬದಲಾಯಿತು.

ಇಲ್ಲಿ ನಾನು ಅದನ್ನು ಮಾಡಿದವರ ಪರ. ತುಂಬ ವರ್ಷದಿಂದ ಎನ್‌ಕರ್ಸಸ್ ನೋಡಿಕೊಂಡು ಬಂದಿರುವ ಥಾಮಸ್ ಡಿಕಿ ಇಲ್ಲಿ ಎರಡು ಜಾಗದಲ್ಲಿ ಹುಷಾರಾಗಿದ್ದಾರೆ. ಒಂದು, ಹೊಸ ಲೈಬ್ರರಿ ಎರಡೂ ರೂಪ ಓದುತ್ತದೆ. ಎಷ್ಟು ಹಳೆ ಫೈಲ್ ಕೊಟ್ಟರೂ ತಕರಾರಿಲ್ಲ. ಎರಡು, ಹೊಸ ಟಿಕ್ ಎಲ್ಲವನ್ನೂ ಹೊಸ ರೂಪದಲ್ಲಿ ಬರೆಯುವುದಿಲ್ಲ. ಒಳಗೆ 32,767 ಮೀರಿದ ಸಂಖ್ಯೆ ಒಂದಾದರೂ ಇದ್ದರೆ ಮಾತ್ರ ಹೊಸದು, ಇಲ್ಲದಿದ್ದರೆ ಹಳೆಯದೇ. 'ಲಿನಕ್ಸ್' ಮತ್ತು ಬರೀ 'ಎಕ್ಸ್‌ಟರ್ಮ್' ಎರಡರಲ್ಲೂ 8 ಬಣ್ಣ, 64 ಜೋಡಿ. ಆದ್ದರಿಂದ ಅವು ಹೊಸ ಯಂತ್ರದಲ್ಲೂ 282ರ ಮೊಹರಿನಲ್ಲೇ ಕೂತಿದ್ದವು, 5.9 ಅವನ್ನು ಸಲೀಸಾಗಿ ಓದಿತು. ಎರಡು ಕೌಂಟರ್ ನಡೆದದ್ದು, ನನ್ನ ಟೆಸ್ಟ್ ಪಾಸಾದದ್ದು ಅದರಿಂದಲೇ. ಎಲ್ಲವನ್ನೂ ಹೊಸ ರೂಪಕ್ಕೆ ಬದಲಾಯಿಸಿದ್ದರೆ ಆ ಸಂಜೆಯೇ ನನಗೆ ಸಿಕ್ಕಿಬೀಳುತ್ತಿತ್ತು. ಅವರು ಜಾಸ್ತಿ ಒಳ್ಳೆಯವರಾಗಿದ್ದರಿಂದ ನನಗೆ ಬೆಳಗ್ಗೆ ಸಿಕ್ಕಿತು. ಇದು ದೂರಲ್ಲ, ಸುಮ್ನೆ ಹೇಳಿದೆ.

ಮೊಹರು ಬದಲಾಯಿಸದೆ ಬರೀ ಅಗಲ ಮಾಡಿದ್ದರೆ ಏನಾಗುತ್ತಿತ್ತು ಅಂತ ಹಾಳೆಯ ಮೇಲೆ ಲೆಕ್ಕ ಹಾಕಿದೆ. 12 ಬೈಟ್ ತಲೆ, 37 ಹೆಸರು, 38 ಗುಣ, ಸಮ ಮಾಡಲು ಒಂದು ಖಾಲಿ ಬೈಟ್. 88ನೇ ಜಾಗದಿಂದ ಸಂಖ್ಯೆಗಳು ಶುರು. ಮೊದಲು ಕಾಲಂ 80, ಆಮೇಲೆ ಟ್ಯಾಬಿನ ಅಗಲ 8, ಆಮೇಲೆ ಸಾಲು 24. ಹೊಸ ಫೈಲಿನಲ್ಲಿ ಇವು ನಾಲ್ಕು ನಾಲ್ಕು ಬೈಟ್. ಹಳೆ ಲೈಬ್ರರಿ ಎರಡೆರಡೇ ಎತ್ತಿಕೊಳ್ಳುತ್ತದೆ. ಮೊದಲ ಎರಡರಲ್ಲಿ 80, ಸರಿ. ಮುಂದಿನ ಎರಡು ಆ 80ರ ಮೇಲಿನ ಅರ್ಧ, ಅಂದರೆ ಸೊನ್ನೆ. ಅದು ಟ್ಯಾಬ್ ಆಯಿತು. ಅದರ ಮುಂದಿನದು 8. ಅದನ್ನು ಸಾಲಿನ ಸಂಖ್ಯೆ ಅಂದುಕೊಳ್ಳುತ್ತದೆ. 24 ಸಾಲಿನ ಟರ್ಮಿನಲ್ 8 ಸಾಲಿನದು ಅಂತ ಲೆಕ್ಕಕ್ಕೆ ಬರುತ್ತಿತ್ತು. ಅಷ್ಟಕ್ಕೇ ನಿಂತರೆ ಪರವಾಗಿಲ್ಲ. ಮುಂದಿನ ಸಂಕೇತಗಳ ಜಾಗ 30 ಬೈಟ್ ಸರಿದು ಎಲ್ಲ ಕಲಸುಮೇಲೋಗರ. ರೇಟಿನ ಕಾಲಂನಲ್ಲಿ ಬಾಕ್ಸ್ ಸಂಖ್ಯೆ ಕಾಣಿಸಿದರೂ ಆಶ್ಚರ್ಯವಿಲ್ಲ. ಬಾಕ್ಸಿಗೆ 2,000 ಇರುವ ದಿನ ಹಾಗಾಗುವುದಕ್ಕಿಂತ, ಬಾಗಿಲಲ್ಲೇ 'ಆಗಲ್ಲ ಹೋಗಿ' ಅಂದದ್ದು ಎಷ್ಟೋ ವಾಸಿ.

ಇನ್ನು ದುರಸ್ತಿ. ಬೆಳಗ್ಗೆ ಮಾಡಿದ ಹಾಗೆ ಟರ್ಮ್ ಅನ್ನು 'ಎಕ್ಸ್‌ಟರ್ಮ್' ಅಂತ ಸುಳ್ಳು ಹೇಳಿಸುವುದು ಒಂದು ದಾರಿ. ಪ್ರೋಗ್ರಾಂ ಬಳಸುವುದೇ ಮೂರು ಬಣ್ಣ, ನಷ್ಟವೇನಿಲ್ಲ. ಆದರೆ ನಾಳೆ ಇನ್ನೊಂದು ಲ್ಯಾಪ್‌ಟಾಪ್ ಬಂದರೆ, ಇನ್ನೊಂದು ಲಾಗಿನ್ ಮಾಡಿದರೆ, ಮತ್ತೆ ಇದೇ. ಮರೆಯುವವನು ನಾನೇ.

ಫೋನಿನಲ್ಲಿ ಕೇಳಿದಾಗ ಗೆಳೆಯನೊಬ್ಬ, ಹಳೆ ಡಿಸ್ಕಿನ ಫೈಲನ್ನು ಹೊಸದರ ಮೇಲೆ ಕಾಪಿ ಮಾಡಿಬಿಡು ಅಂದ. ನಡೆಯುತ್ತದೆ, ಹೊಸ ಲೈಬ್ರರಿಯೂ ಹಳೆ ರೂಪ ಓದುತ್ತದಲ್ಲ. ಆದರೆ ಅದು ಪ್ಯಾಕೇಜಿನ ಆಸ್ತಿ. ಮುಂದಿನ ಅಪ್‌ಡೇಟ್ ಬಂದಾಗ ಸದ್ದಿಲ್ಲದೆ ಮತ್ತೆ ಹೊಸದಾಗುತ್ತದೆ. ಅದು ಯಾವತ್ತು ಅಂತ ಯಾರಿಗೆ ಗೊತ್ತು. ನನ್ನ ಅದೃಷ್ಟ ನೋಡಿದರೆ ಮುಂದಿನ ಜುಲೈನಲ್ಲೇ.

ಸರಿಯಾದ ದಾರಿ ಅಂದರೆ ಪ್ರೋಗ್ರಾಮನ್ನು ಹೊಸ ಲೈಬ್ರರಿ ಜೊತೆ ಮತ್ತೆ ಕಂಪೈಲ್ ಮಾಡುವುದು, ಅಂದರೆ ಹುಡುಗ ಬರೆದ ಮೂಲ ಕೋಡಿನಿಂದ (ಸೋರ್ಸ್) ಹೊಸದಾಗಿ ಕಟ್ಟುವುದು. ಸೋರ್ಸ್ ಇತ್ತು. ಆದರೆ ಓಡುತ್ತಿರುವುದು ಅದೇ ಸೋರ್ಸಿನಿಂದ ಬಂದದ್ದೋ, ಆಮೇಲೆ ಹುಡುಗ ಏನಾದರೂ ತಿದ್ದಿದ್ದನೋ, ಖಾತ್ರಿ ಇರಲಿಲ್ಲ. ಸೀಸನ್ನಿನ ಮಧ್ಯೆ ಹಮಾಲಿ ಲೆಕ್ಕ ನಾಲ್ಕಾಣೆ ತಪ್ಪಿದರೂ ಮುಗಿಯಿತು. ಅದನ್ನು ನವೆಂಬರಿಗೆ ತಳ್ಳಿದೆ.

ಮಾಡಿದ್ದು ಇದು. ಇನ್ಫೋಕಂಪ್‌ನಿಂದ ಎಕ್ಸ್‌ಟರ್ಮ್-256ಕಲರ್ ವಿವರವನ್ನು ಪಠ್ಯವಾಗಿ ತೆಗೆದೆ. ಜೋಡಿಗಳ ಸಂಖ್ಯೆಯನ್ನು ಅದು ಹದಿನಾರರ ಲೆಕ್ಕದಲ್ಲಿ 10000 ಅಂತ ತೋರಿಸಿತು, ಅದೇ 65,536. ಅದನ್ನು ಅಳಿಸಿ 32767 ಅಂತ ಬರೆದೆ. ಈ ಒಂದು ಸಂಖ್ಯೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹೊಸ ಟಿಕ್‌ಗೇ ಕೊಟ್ಟೆ, ಸಿಸ್ಟಮ್ ಡೈರೆಕ್ಟರಿಗೆ ಬೇಡ, ಪಟ್ಟಿ ಪ್ರೋಗ್ರಾಮಿನ ಪಕ್ಕದಲ್ಲೇ ಒಂದು ಡೈರೆಕ್ಟರಿ ಮಾಡಿ ಅಲ್ಲಿ ಬರೆ ಅಂದೆ. ಬರೆಯಿತು. ಮೊದಲ ಎರಡು ಬೈಟ್ ನೋಡಿದೆ: 032 001. ಮೀರಿದ ಸಂಖ್ಯೆ ಇಲ್ಲ, ಆದ್ದರಿಂದ ಟಿಕ್ ತಾನಾಗಿ ಹಳೆ ರೂಪ ಆರಿಸಿಕೊಂಡಿದೆ. ಒಂದೇ ಟರ್ಮಿನಲ್ಲಿನಲ್ಲಿ ಹಲವು ಸೆಷನ್ ನಡೆಸಲು ನಾನು ಬಳಸುವ ಸ್ಕ್ರೀನ್ ಮತ್ತು ಟಿಮಕ್ಸ್ ಪ್ರೋಗ್ರಾಂಗಳ 256 ಬಣ್ಣದ ವಿವರಗಳಿಗೂ ಇದನ್ನೇ ಮಾಡಿದೆ. ಅವುಗಳಲ್ಲೂ ಅದೇ 65,536 ಇತ್ತು.

32,767 ಅಂತ ಕೈಯಾರೆ ಬರೆದದ್ದಕ್ಕೆ ಕಾರಣ ಇದೆ. 65,536ನ್ನು ಹಾಗೇ ಬಿಟ್ಟು ಹಳೆ ಯಂತ್ರದ ಟಿಕ್‌ಗೆ ಕೊಟ್ಟರೂ ಆಗುತ್ತಿತ್ತಲ್ಲ ಅಂತ ಗೆಳೆಯ ಕೇಳಿದ. 65,536ನ್ನು ನಾಲ್ಕು ಬೈಟಿನಲ್ಲಿ ಬರೆದರೆ 000 000 001 000. ಅದರ ಮೊದಲ ಎರಡು ಬೈಟ್ ಮಾತ್ರ ಉಳಿದರೆ? ಬರೀ ಸೊನ್ನೆ. ಬಣ್ಣದ ಜೋಡಿಯೇ ಇಲ್ಲದ ಟರ್ಮಿನಲ್. ಹಳೆ ಟಿಕ್ ಹಾಗೆ ಮಾಡುತ್ತಿತ್ತೋ ಇಲ್ಲವೋ ಪರೀಕ್ಷೆ ಮಾಡುವ ದಿನ ಅದಲ್ಲ.

ಕೊನೆಗೆ ಪ್ರೋಗ್ರಾಂ ಶುರು ಮಾಡುವ ಸಣ್ಣ ಶೆಲ್ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದೆ. ಟರ್ಮಿನ್ಫೋ ಅನ್ನುವ ವೇರಿಯಬಲ್ ಈ ಹೊಸ ಡೈರೆಕ್ಟರಿಯನ್ನು ತೋರಿಸಲಿ ಅಂತ. ಲೈಬ್ರರಿ ಮೊದಲು ಅಲ್ಲಿ ಹುಡುಕುತ್ತದೆ, ಸಿಗದಿದ್ದರೆ ಸಿಸ್ಟಮ್ಮಿನ ಜಾಗಕ್ಕೆ ಹೋಗುತ್ತದೆ. ಪ್ರೋಗ್ರಾಂ ಒಳಗಿಂದ ಬೇರೆ ಯಾವುದಾದರೂ ಶುರುವಾದರೆ ಅದಕ್ಕೂ ಈ ವೇರಿಯಬಲ್ ಹೋಗುತ್ತದೆ, ನಿಜ. ಹೋದರೂ ತೊಂದರೆ ಇಲ್ಲ, ಅವೆಲ್ಲ ಹೊಸ ಲೈಬ್ರರಿಯವು. ಬೆಳಗ್ಗೆ ಹಾಕಿದ್ದ ಸುಳ್ಳು ಟರ್ಮ್ ತೆಗೆದೆ. ಈ ಸಲ ಮೂರೂ ಕೌಂಟರಿನಲ್ಲಿ ಕೂತು, ಆಯಾ ಗುಮಾಸ್ತರ ಹೆಸರಲ್ಲೇ ಲಾಗಿನ್ ಆಗಿ, ಒಂದೊಂದು ಸುಳ್ಳು ಪಟ್ಟಿ ಪ್ರಿಂಟ್ ಮಾಡಿ ನೋಡಿದೆ. ಎರಡನೇ ಕೌಂಟರಿನ ಪ್ರಿಂಟರ್ ರಿಬ್ಬನ್ ಮುಗಿದಿತ್ತು. ಅದಕ್ಕೂ ನನಗೇ ಹೇಳಿದರು.

ನವೆಂಬರಿನಲ್ಲಿ ಯಾರ್ಡು ಸ್ವಲ್ಪ ತಣ್ಣಗಾದ ಮೇಲೆ ಸೋರ್ಸ್ ಹಿಡಿದು ಕೂತೆ. ಹುಡುಗನಿಗೆ ಫೋನ್ ಮಾಡಿದರೆ, ಅದರಲ್ಲಿ ಅವನು ಏನು ಮಾಡಿದ್ದ ಅನ್ನುವುದು ಅವನಿಗೇ ನೆನಪಿಲ್ಲ. ಹೊಸ ಯಂತ್ರದ ಎನ್‌ಕರ್ಸಸ್ ಜೊತೆ ಕಂಪೈಲ್ ಮಾಡಿದೆ. ಈ ಸಲ ಒಳಗೆ ಹೊಲಿಯಲಿಲ್ಲ, ಸಿಸ್ಟಮ್ಮಿನ ಲೈಬ್ರರಿಯನ್ನೇ ಬಳಸಲಿ ಅಂತ ಹೊರಗೇ ಬಿಟ್ಟೆ. ಲೈಬ್ರರಿಯೂ ಅದು ಓದುವ ಫೈಲುಗಳೂ ಒಂದೇ ಮನೆಯಿಂದ ಬಂದರೆ ಒಟ್ಟಿಗೇ ಹೊಸದಾಗುತ್ತವೆ. ಹುಡುಗ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ಅವನು ಲೈಬ್ರರಿಯನ್ನು ಬುತ್ತಿ ಕಟ್ಟಿ ಕಳಿಸಿದ್ದ, ಅದರ ಜೊತೆ ಟರ್ಮಿನ್ಫೋದ ನಾಲ್ಕು ಫೈಲನ್ನೂ ಕಟ್ಟಿದ್ದರೆ ನನ್ನ ಬೆಳಗ್ಗೆ ಉಳಿಯುತ್ತಿತ್ತು. ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಒಂದು ವಾರ ಪಕ್ಕ ಪಕ್ಕ ಇಟ್ಟು ತಾಳೆ ನೋಡಿದೆವು. ಒಂದು ಪೈಸೆ ವ್ಯತ್ಯಾಸ ಬರಲಿಲ್ಲ. ಆಮೇಲೆ ಸ್ಕ್ರಿಪ್ಟಿನ ಆ ಸಾಲು ತೆಗೆದೆ. ಡೈರೆಕ್ಟರಿಯನ್ನು ಮಾತ್ರ ಇನ್ನೂ ಅಳಿಸಿಲ್ಲ.

ಅವತ್ತು ಮೂರನೇ ಕೌಂಟರಿನ ಹುಡುಗ ಪಕ್ಕದಲ್ಲೇ ನಿಂತು ಎಲ್ಲ ನೋಡುತ್ತಿದ್ದ. ಮುಗಿದ ಮೇಲೆ ಕೇಳಿದ: "ಹಂಗಾದ್ರೆ ನಮ್ಗೆ ಪುಟ್ಟಿ ಬೇಡ್ವಾ ಸಾರ್?"

"ನಿಂಗೆ ಬೇಡ. ಅವರಿಬ್ಬರಿಗೆ ಇರಲಿ."

"ಯಾಕೆ ಸಾರ್?"

"ಅವರದು ನಡೀತಿದೆ" ಅಂದೆ.